ಭೂಮಿ ಉಳಿಸಿದ ಬೇವೂರಿನ ಕಾಕಾ

ನಗಬೇಡಿ ಗೆಳೆಯರೇ, ಇವತ್ತು ಮಧ್ಯಾಹ್ನ ಬಾಗಲಕೋಟೆಯ ನಮ್ಮ ಮನೆಯಲ್ಲಿ ಭೂಮಿಯನ್ನು ಉಳಿಸಿದ್ದು ನಾನಲ್ಲ. ಹಲ್ಲು ಕೀಳಿಸಿಕೊಳ್ಳಲು ಬೇವೂರಿನಿಂದ ಬಂದಿದ್ದ ನಮ್ಮ ಕಾಕಾ. ಜೀವಮಾನವಿಡೀ ಕುರಿ ಕಾದವರು.

ನಾನು ಕಂಪ್ಯೂಟರಿನಲ್ಲಿ ಅನ್ಯಗ್ರಹದವರ ಜೊತೆ ಗುಂಡಿನ ಕಾಳಗದಲ್ಲಿದ್ದೆ. ಇಳಕಲ್ಲಿನ ಇಬ್ಬರು ಗೆಳೆಯರು ಅವರವರ ಮನೆಯಿಂದಲೇ ನನ್ನ ತಂಡದಲ್ಲಿದ್ದರು. ಎಂಟು ದಿನದಿಂದ ಇದೇ ಹಂತದಲ್ಲಿ ಸಾಯುತ್ತಿದ್ದೆವು. ಎದುರಿಗೆ ಗುರಾಣಿ ಹಿಡಿದ ದೈತ್ಯ, ತಲೆಯ ಮೇಲೆ ಹಾರುವ ಯಂತ್ರಗಳು, ಕಾಲ ಬಳಿ ಕಚ್ಚುವ ಹುಳುಗಳು.

ಹಲ್ಲು ಕೀಳಿಸಿಕೊಂಡು ಬಂದು ನನ್ನ ಹಿಂದೆ ಕೂತು ನೋಡುತ್ತಿದ್ದ ಕಾಕಾ, ಮಾತಾಡಬಾರದೆಂದು ಡಾಕ್ಟರು ಹೇಳಿದ್ದರೂ ಬಾಯಲ್ಲಿದ್ದ ಹತ್ತಿ ತೆಗೆದರು.

"ಲೇ, ಮೂರು ಮಂದಿ ಮೂರು ದಿಕ್ಕಿಗೆ ಯಾಕ ಓಡ್ತೀರಿ? ಒಂದ ಕಡೆ ನಿಂದರ್ರಿ. ಆ ದೊಡ್ಡದು ಬರೇ ಅಂಜಸಾಕ ಬಂದೈತಿ. ಒಂದು ತೋಳ ಮುಂದ ನಿಂತು ಮಾರಿ ತೋರಸ್ತೈತಿ, ಇನ್ನೊಂದು ಹಿಂದಿನಿಂದ ಮರಿ ಒಯ್ತೈತಿ. ಹಿಂದ ನೋಡ್ರಿ!"

ನೋಡಿದರೆ, ಬಂಡೆಯ ಹಿಂದೆ ಒಂದು ಪುಟ್ಟ ರೋಬೋ ಕೂತು, ನಾವು ಕೊಂದವುಗಳನ್ನೆಲ್ಲ ರಿಪೇರಿ ಮಾಡಿ ಮತ್ತೆ ಕಳಿಸುತ್ತಿತ್ತು. ಮೊದಲು ಅದನ್ನು ಹೊಡೆದೆವು. ಐದೇ ನಿಮಿಷದಲ್ಲಿ ಗೆದ್ದೆವು.

ಮೈಕಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡಿದ್ದ ಗೆಳೆಯನೊಬ್ಬ ಸ್ಪೀಕರಿನಿಂದ ಕೂಗಿದ: "ಕಾಕಾರ, ನಾಳಿಯಿಂದ ಇವನ ಜಾಗಾದಾಗ ನೀವ ಆಡ್ರಿ!"

ಕಾಕಾ ಹತ್ತಿಯನ್ನು ಮತ್ತೆ ಬಾಯಿಗಿಡುತ್ತ ಅಂದರು: "ನಾ ಯಾಕ ಆಡ್ಲೆಪಾ? ಕುರಿ ಕಾಯಾಂವ ತಾನ ಹಿಂಡಿನ್ಯಾಗ ಎಣಿಕಿಗೆ ಬರ್ತಾನೇನು?"

ನಮ್ಮ ತಂಡದ ಹೆಸರು 'ನಕ್ಷತ್ರ ಸಿಂಹಗಳು'. ದಯವಿಟ್ಟು ಇದನ್ನು ಯಾರೂ ಕಾಕಾಗೆ ಹೇಳಬೇಡಿ.