ಕರೀಂ ಸಾಬರ ಒಂದೇ ಮ್ಯಾಚ್

ಪೊಲೀಸ್ ಆಕ್ಷನ್ ಮುಗಿದು, ನಿಜಾಮನ ಆಳ್ವಿಕಿ ಹೋಗಿ ಸ್ವಲ್ಪೇ ದಿನ ಆಗಿತ್ತು. ನಾನಾಗ ಬೀದರ-ಔರಾದ ಬಸ್ಸಿನ ಕಂಡಕ್ಟರ್. ಠಾಣಾ ಕುಶನೂರಿನ ಹತ್ರ ಮಿಲಿಟ್ರಿಯವರು ಬಸ್ ನಿಲ್ಲಿಸಿ, ನಿಜಾಮನ ಪರ ಮಂದೀನ್ನ ಬಡಿದು ಕಾಡಿದ್ದ ರಜಾಕಾರರನ್ನ ಹುಡುಕಲಿಕ್ಕೆ ಒಳಗ ಬಂದರು. ಹಿಂದಿನ ಸೀಟಿನಾಗ ನಮ್ಮ ಬೀದರದ ಕರೀಂ ಸಾಬರು ಚಾದರ ಸುತ್ತಿದ ಉದ್ದನ್ನ ಗಂಟು ಹಿಡಿದು ಕೂತಿದ್ದರು. ಮಿಲಿಟ್ರಿಯವರ ಸುಬೇದಾರ ತನ್ನ ಬಂದೂಕು ಅವರ ಎದಿಗೇ ಇಟ್ಟ.

ಚಾದರ ಬಿಚ್ಚಿದರ ಒಳಗ ಹಾಕಿ ಸ್ಟಿಕ್ಕು.

"ಇದರಿಂದ ಎಷ್ಟು ಮಂದಿ ತಲಿ ಒಡದೀ?" ಅಂತ ಸುಬೇದಾರ ಗದರಿಸಿದ.

"ನಾ ಆಟಗಾರ ಇದ್ದೀನ್ರಿ. ಹೈದರಾಬಾದ್ ಟೀಮಿನಾಗ ಆಡೀನ್ರಿ."

"ಎಷ್ಟು ಮ್ಯಾಚ್?"

ಸಾಬರು ತಲಿ ತಗ್ಗಿಸಿದರು. "ಒಂದೇರಿ, ಹೈದರಾಬಾದಿನಾಗ. ಗೋಲು ಹೊಡದೆ, ಅದರಾಗೇ ಮೊಣಕಾಲು ಮುರೀತು."

"ಒಂದು ಮ್ಯಾಚ್ ಆಡಿದವ ಆಟಗಾರನಾ?" ಅಂತ ಅವ ಸಾಬರ ಕೊರಳಪಟ್ಟಿ ಹಿಡಿದು ಎಳೆದ. ಆ ಗೋಲಿನ ಕಥಿ ಬೀದರದ ಚಹಾದಂಗಡಿಯೊಳಗ ಎಲ್ಲರ ಬಾಯಾಗ ಇತ್ತು. ಆದರ ಇವನಿಗೆ ಹ್ಯಾಂಗ ಗೊತ್ತಾಗಬೇಕು? ನಾ ಮುಂದ ಬಂದು, "ಸಾಹೇಬ್ರ, ಆ ಗೋಲು ನಾ ನೋಡೀನ್ರಿ" ಅಂದೆ.

ಕಂಬಳಿ ಮಾರಲಿಕ್ಕೆ ಹೊಂಟಿದ್ದ ಬಗದಲ್‌ದ ಶರಣಮ್ಮ ಎದ್ದಳು. "ನಾನೂ ನೋಡೀನ್ರೀ!"

"ಏನು ನೋಡಿದಿ?"

"ಚೆಂಡು ಒಳಗ ಹೋತ್ರಿ. ಮಂದಿ ಒದರಿದರ್ರಿ!"

ಆಮೇಲೆ ಇಡೀ ಬಸ್ಸೇ "ಹೌದ್ರಿ, ನಾವೂ ನೋಡೇವ್ರಿ" ಅಂತು. ಸುಬೇದಾರ ನಮ್ಮ ಮಾರಿ ಒಂದೊಂದೇ ನೋಡಿದ. ಕಡೀಕ ಸಾಬರ ಕೊರಳಪಟ್ಟಿ ಬಿಟ್ಟು ಕೆಳಗಿಳಿದ.

ಬಸ್ ಹೊಂಟಿತು. ಸಾಬರು ಸ್ಟಿಕ್ಕಿಗೆ ಮತ್ತ ಚಾದರ ಸುತ್ತಿದರು. ಖರೇ ಹೇಳಬೇಕಂದ್ರ, ಸಾಬರನ್ನ ಬಿಟ್ಟರ ನಮ್ಮೊಳಗ ಯಾರೂ ಹೈದರಾಬಾದನ್ನೇ ಕಂಡವರಲ್ಲ.