ಬಡಿಸಿದ ಎಲೆಯ ಮುಂದೆ

ಕಾಲೇಜು ಹುಡುಗರು ಯಾಕೆ ಹೊಡೆದಾಡುತ್ತಾರೆ ಎಂದು ಯಾರಾದರೂ ಭಾಷಣಕ್ಕೆ ನಿಂತರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಆ ಉರಿಯಲ್ಲಿ ಅರ್ಧ ನನ್ನ ಮೇಲಿನದೇ.

ಎರಡನೇ ಮಹಾಯುದ್ಧದ ಕಾಲ, ಅಕ್ಕಿ ಸಿಗುವುದೇ ಕಷ್ಟ. ಅರಕಲಗೂಡಿನಿಂದ ಹಾಸನಕ್ಕೆ ಓದಲು ಬಂದ ನನಗೆ ಧರ್ಮದ ಹಾಸ್ಟೆಲೊಂದರಲ್ಲಿ ಜಾಗ ಸಿಕ್ಕಿತ್ತು. ಪಕ್ಕದ ಚಾಪೆ ಹಳೇಕೋಟೆಯ ರೈತನ ಮಗನದು. ಗಟ್ಟಿಯಾಗಿ ಮಾತೂ ಆಡದ ಅವನೇ ನನ್ನ ಗೆಳೆಯ. ಅಲ್ಲೊಂದು ಸುಡುಗಾಡು ಪದ್ಧತಿ ಇತ್ತು. ಯಾರಾದರೂ ದಾನಿಗಳು ಅಕ್ಕಿ ಕೊಟ್ಟು ಅನ್ನದ ಊಟ ಹಾಕಿಸಿದರೆ, ಎಲೆಗೆ ಬಡಿಸಿದ ಮೇಲೆ ನಾವೆಲ್ಲ ಎದ್ದು ನಿಂತು, ಕೈಮುಗಿದು, ಅವರ ಹೆಸರೆತ್ತಿ ಉಪಕಾರ ಸ್ಮರಿಸಬೇಕು. ತುತ್ತು ಆಮೇಲೆ.

ಒಂದು ಭಾನುವಾರ ದಾನಿಯಾದ ಮಂಡಿ ಸಾಹುಕಾರರು ತಮ್ಮ ಬದಲು ಮಗನನ್ನು ಕಳಿಸಿದರು. ಅವನು ನಮ್ಮದೇ ತರಗತಿಯವನು! ಎದುರಿಗೆ ಕುರ್ಚಿ ಹಾಕಿಸಿಕೊಂಡು ಕಾಲ ಮೇಲೆ ಕಾಲು ಹಾಕಿ ಕೂತ. ನಾವು ಹೇಳಿದೆವು.

“ಕೇಳಿಸ್ನಿಲ್ಲ ಕಣ್ರಲಾ, ಇನ್ನೊಂದ್ಸಲ.”

ಮತ್ತೆ ಹೇಳಿದೆವು. ವಾರ್ಡನ್ನರು ನಗುತ್ತಿದ್ದರು. ಬೆಳಗ್ಗಿನಿಂದ ಹೊಟ್ಟೆಗೇನೂ ಬಿದ್ದಿರಲಿಲ್ಲ, ಅನ್ನ ಆರುತ್ತಿತ್ತು.

“ಆ ಹಳೇಕೋಟೆಯೋನು ತುಟೀನೇ ಬಿಚ್ನಿಲ್ಲ. ಈಗ ಅವನೊಬ್ನೇ ಹೇಳ್ಲಿ.”

ಗೆಳೆಯ ಹೇಳಲಿಲ್ಲ. ಸಾರಿನ ಬಕೆಟ್ಟಿನಲ್ಲಿದ್ದ ಹಿತ್ತಾಳೆ ಸೌಟೆತ್ತಿ ಸಾಹುಕಾರರ ಮಗನ ಹಣೆಗೆ ಬಿಟ್ಟ. ರಕ್ತ ಸುರಿಯಿತು. ಹೊಡೆದದ್ದು ಸರಿ ಎಂದು ನಾನು ಇವತ್ತಿಗೂ ಹೇಳುವುದಿಲ್ಲ.

ವಿಚಾರಣೆಯಲ್ಲಿ ದೊಡ್ಡವರು ಕೂತು ಕಾರಣ ಹುಡುಕಿದರು. ಟಾಕೀಸಿನ ಚಟವಂತೆ, ಕೆಟ್ಟ ಸಹವಾಸವಂತೆ, ಬಿಸಿರಕ್ತವಂತೆ, ಹಳ್ಳಿಯ ಒರಟುತನವಂತೆ. ಟಾಕೀಸಂತೆ! ಅವನ ಹತ್ತಿರ ಎರಡನೇ ಅಂಗಿ ಇರಲಿಲ್ಲ. ಹಸಿವು, ಅವಮಾನ ಅನ್ನುವ ಮಾತು ಆ ಪುಣ್ಯಾತ್ಮರಲ್ಲಿ ಒಬ್ಬರ ಬಾಯಲ್ಲೂ ಬರಲಿಲ್ಲ.

ಕೊನೆಗೆ ಪ್ರಿನ್ಸಿಪಾಲರು ನನ್ನನ್ನು ಕೇಳಿದರು: “ಹೊಡೆಯೋದಕ್ಕೆ ಮೊದಲು ಏನು ನಡೀತಪ್ಪ?”

ವಾರ್ಡನ್ನರು ನನ್ನನ್ನೇ ನೋಡುತ್ತಿದ್ದರು. ಹಾಸ್ಟೆಲು ತಪ್ಪಿದರೆ ನನ್ನ ಓದೂ ಅಲ್ಲಿಗೇ ಮುಗಿಯುತ್ತಿತ್ತು.

“ಗೊತ್ತಿಲ್ಲ ಸಾ” ಎಂದೆ. ಹೇಡಿ ನಾನು.

ಅವನನ್ನು ಕಾಲೇಜಿನಿಂದ ತೆಗೆದುಹಾಕಿದರು. ಮರುದಿನ ಅವನ ಅಪ್ಪ ಬಂದರು. ಮಗನ ಟ್ರಂಕನ್ನು ಹೆಗಲಿಗೇರಿಸಿಕೊಂಡು ನನ್ನ ಮುಂದೆ ನಿಂತರು.

“ಉಳೋವಾಗ ಎತ್ತಿಗೂ ಒಂದೇಟು ಆಕ್ದೋನಲ್ಲ ಕಣಪ್ಪ ಇವ್ನು. ಅಂಥಾದ್ದೇನಾಯ್ತು? ನೀನಾದ್ರೂ ಏಳು.”

ನಾನು ಬಾಯಿ ತೆರೆಯುವ ಮೊದಲೇ ಗೆಳೆಯ ಅಪ್ಪನ ಕೈ ಹಿಡಿದ.

“ನಡಿಯಪ್ಪೋ, ಬಸ್ಸು ಓಯ್ತದೆ. ಅವನ್ಗೆ ಗೊತ್ತಿಲ್ವಂತೆ.”