ಅರ್ಧ ಮನೆ ತರಿಸಿದವಳು

ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತೊಂದು ವರ್ಷ ದುಡಿದ ಆ ಹೆಂಗಸನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಹಾಸಿಗೆ ಬಟ್ಟೆಯ ಅಂಚಿಗೆ ಅಂಚು ಕೂಡದಿದ್ದರೆ ಕೊಡವಿ ಮತ್ತೆ ಮಡಿಸುವವರೆಗೆ ಯಾರನ್ನೂ ಊಟಕ್ಕೆ ಬಿಡುತ್ತಿರಲಿಲ್ಲ. ಇಂಥವಳಿಗೆ ಗಂಟುಬಿದ್ದ ಗಂಡ ಹೊರಗೆ ನೀರಿನ ಮೀಟರ್ ಓದುವವನು, ಮನೆಗೆ ಬಂದರೆ ಬಡಗಿ. ಬಡಗಿ ಎಂದು ಅವನೇ ಹೇಳಿಕೊಳ್ಳುತ್ತಿದ್ದದ್ದು. ಓಣಿಯವರು ಮುಕ್ಕಾಲಪ್ಪ ಎನ್ನುತ್ತಿದ್ದರು, ಏಕೆಂದರೆ ಅವನು ಕೈಗೆತ್ತಿಕೊಂಡ ಯಾವ ಕೆಲಸವೂ ಮುಕ್ಕಾಲು ದಾಟಿದ್ದಿಲ್ಲ.

ಮಗಳು ಹುಟ್ಟುವ ಮುಂಚೆ ಶುರುಮಾಡಿದ ತೊಟ್ಟಿಲು, ಅವಳು ಎದ್ದು ಓಡಾಡುವಾಗಲೂ ಒಂದು ಪಕ್ಕವಿಲ್ಲದೆ ನಿಂತಿತ್ತು. ಮಗು ಮಲಗಿದ್ದು ಲಾಂಡ್ರಿಯ ಬುಟ್ಟಿಯಲ್ಲಿ. ಬಚ್ಚಲಿನ ಬಾಗಿಲು ಕಿರುಗುಟ್ಟುತ್ತದೆ ಎಂದು ಈ ಮಹಾಶಯ ಬಿಚ್ಚಿಟ್ಟು ಹನ್ನೊಂದು ವರ್ಷವಾಗಿತ್ತು. ಅಲ್ಲೊಂದು ಹಳೇ ಹಾಸಿಗೆ ಬಟ್ಟೆ ತೂಗುತ್ತಿತ್ತು, ಒಳಗೆ ಹೋದವರು ಆಗಾಗ ಕೆಮ್ಮುತ್ತಿರಬೇಕಿತ್ತು.

ದೊಡ್ಡಕ್ಕ ನಿವೃತ್ತಳಾದಳು. ಮೂರು ತಿಂಗಳಲ್ಲಿ ಆಸ್ಪತ್ರೆಯವರು ಕೊಟ್ಟಿದ್ದ ಕ್ವಾರ್ಟರ್ಸ್ ಖಾಲಿ ಮಾಡಬೇಕು. ಊರಂಚಿನಲ್ಲಿ ಅವಳ ಹೆಸರಿನ ಸೈಟೊಂದಿತ್ತು. ಕೆಲಸಕ್ಕೆ ಹೋಗುತ್ತಿದ್ದಷ್ಟು ದಿನ ಹೇಗೋ ಹಲ್ಲು ಕಚ್ಚಿಕೊಂಡು ನಡೆದಿತ್ತು. ಇನ್ನು ಹಗಲೆಲ್ಲ ಮನೆಯಲ್ಲೇ ಇರಬೇಕಾದವಳಿಗೆ ಪೂರ್ತಿಯಾದ ಒಂದು ಮನೆ ಬೇಕಿತ್ತು, ಅಷ್ಟೇ.

ಗಂಡ ಕಿಟ್ ಮನೆಯ ಬಣ್ಣದ ಪುಸ್ತಕ ಹಿಡಿದು ಬಂದ. ಗೋಡೆ, ತೊಲೆ, ಕಿಟಕಿ ಎಲ್ಲವನ್ನೂ ಅಳತೆಗೆ ಕೊಯ್ದು, ನಂಬರು ಹಾಕಿ ಲಾರಿಯಲ್ಲಿ ಕಳಿಸುತ್ತಾರಂತೆ. ಜೋಡಿಸಿಕೊಳ್ಳುವುದು ನಮ್ಮ ಪಾಡು. ನೋಡಿಬರೋಣ ಎಂದು ಇಬ್ಬರೂ ಕಂಪನಿಯವರು ಮಾದರಿ ಮನೆಗಳನ್ನು ನಿಲ್ಲಿಸಿದ್ದ ಅಂಗಳಕ್ಕೆ ಹೋದರು.

"ಇಬ್ಬರು ಸೇರಿದ್ರೆ ಒಂದೇ ತಿಂಗಳ ಕೆಲಸ ಮೇಡಂ," ಎಂದ ಅಲ್ಲಿನ ಟೈ ಕಟ್ಟಿದ ಹುಡುಗ.

"ಯಾವ ಇಬ್ಬರು?" ಎಂದಳು ದೊಡ್ಡಕ್ಕ.

ಅವನು ನಕ್ಕ. ಅವಳು ನಗಲಿಲ್ಲ.

ಪಕ್ಕದಲ್ಲೇ ಮಾಡ್ಯುಲರ್ ಮನೆಯಿತ್ತು. ಕಾರ್ಖಾನೆಯಲ್ಲೇ ನಲ್ಲಿ, ದೀಪ ಸಮೇತ ಮುಗಿಸಿ, ಎರಡು ಭಾಗವಾಗಿ ಲಾರಿಯಲ್ಲಿ ತಂದು, ಕ್ರೇನಿನಿಂದ ಇಳಿಸಿ ಕೂಡಿಸುವ ಮನೆ. ಒಂದು ಭಾಗದಲ್ಲಿ ಅಡುಗೆಮನೆ, ಬಚ್ಚಲು, ಮಲಗುವ ಕೋಣೆ. ಇನ್ನೊಂದರಲ್ಲಿ ಹಜಾರ, ಮತ್ತೊಂದು ಕೋಣೆ. ಅವಳು ನೇರ ಬಚ್ಚಲಿಗೆ ಹೋಗಿ ಬಾಗಿಲು ಹಾಕಿ ಚಿಲಕ ಜಡಿದಳು. ಕೆಮ್ಮದೆ ಸುಮ್ಮನೆ ಕೂತಳು. ಹನ್ನೊಂದು ವರ್ಷದ ಸಿಟ್ಟೆಲ್ಲ ಕಣ್ಣಲ್ಲಿ ನೀರಾಗಿ ಬಂತು. ಹುಡುಗ ಬಂದು ಬಾಗಿಲು ತಟ್ಟಬೇಕಾಯಿತು.

"ಇದು ಮನೆಯೇನೇ, ಡಬ್ಬ," ಎಂದ ಗಂಡ ದಾರಿಯಲ್ಲಿ. "ಗಂಡಸಾದವನು ತನ್ನ ಮನೆ ತಾನೇ ಎಬ್ಬಿಸ್ಬೇಕು."

ಮಗಳು ಫೋನಿನಲ್ಲಿ ಅಪ್ಪನ ಪರ ವಹಿಸಿದಳು. "ಅವರಿಗೂ ಒಂದು ಆಸೆ ಇರುತ್ತಲ್ಲಮ್ಮ." ಬುಟ್ಟಿಯಲ್ಲಿ ಮಲಗಿ ಬೆಳೆದವಳು ಆಡುವ ಮಾತು ನೋಡಿ.

"ಸರಿ," ಎಂದಳು ದೊಡ್ಡಕ್ಕ ಗಂಡನಿಗೆ. "ಒಂದು ವಾರ ಟೈಮು. ಬಚ್ಚಲಿನ ಬಾಗಿಲು ಮತ್ತೆ ಕೂರಿಸಿ ತೋರ್ಸಿ. ಕೂರಿಸಿದ್ರೆ ಕಿಟ್ ಮನೆಯೇ ಆಗ್ಲಿ."

ಮೊದಲ ದಿನ ಅವನು ಟೊಂಕ ಕಟ್ಟಿ ನಿಂತ. ಎರಡನೇ ದಿನ, ಚೌಕಟ್ಟೇ ಸೊಟ್ಟಗಿದೆ ಎಂದು ಕಂಡುಹಿಡಿದ. ವಾರ ಮುಗಿಯುವಾಗ ಬಾಗಿಲು ಬಂದಿರಲಿಲ್ಲ, ಚೌಕಟ್ಟು ಹೋಗಿತ್ತು, ಹಾಸಿಗೆ ಬಟ್ಟೆ ತೂಗಿಸಲು ಮೊಳೆಗೂ ಜಾಗವಿರಲಿಲ್ಲ. "ಕಷ್ಟದ ಕೆಲಸ ಮುಗೀತು, ಇನ್ನೇನಿದ್ರೂ ಮೇಲ್ಮೇಲಿನದು," ಎಂದು ಅವನು ಬೆವರು ಒರೆಸಿಕೊಂಡ.

ಮರುದಿನ ಅವಳು ಒಬ್ಬಳೇ ಹೋಗಿ ಸಹಿ ಹಾಕಿ ಬಂದಳು.

ಕ್ವಾರ್ಟರ್ಸಿನ ಗಡುವಿಗೆ ನಾಲ್ಕು ದಿನ ಮುಂಚೆ ಲಾರಿ ಬಂತು. ಕ್ರೇನು ಅಡುಗೆಮನೆ, ಬಚ್ಚಲು, ಮಲಗುವ ಕೋಣೆಯ ಭಾಗವನ್ನು ಸೈಟಿನ ಎಡಗಡೆ ಇಳಿಸಿತು. ಕೆಲಸದವರು ಇನ್ನೊಂದು ಭಾಗ ಕೂಡಬೇಕಿದ್ದ ತೆರೆದ ಪಕ್ಕಕ್ಕೆ ದಪ್ಪ ಹಲಗೆ ಬಡಿದು, ನೀರು, ಕರೆಂಟು ಜೋಡಿಸಿ ಹೊರಟುಹೋದರು.

"ಇನ್ನೊಂದು ಭಾಗ ಎಲ್ಲಿ?" ಎಂದ ಗಂಡ.

"ತರಿಸಿಲ್ಲ. ಇದು ನಂದು. ನಿಮ್ಮದನ್ನ ಕಿಟ್ ತರಿಸಿ ಪಕ್ಕದಲ್ಲಿ ಕಟ್ಕೊಳ್ಳಿ. ಮುಗಿದ ದಿನ ಈ ಹಲಗೆ ತೆಗೆಸ್ತೀನಿ. ಅಲ್ಲೀವರೆಗೆ ಮಗಳ ಮನೇಲಿರಿ."

ಕೂಗಾಡುತ್ತಾನೆ ಎಂದುಕೊಂಡಿದ್ದಳು. ಕಾಲು ಹಿಡಿದರೂ ಹಿಡಿದಾನು. ಏನಿಲ್ಲವೆಂದರೂ ನಿನ್ನ ಬಿಟ್ಟು ಹೇಗಿರಲಿ ಎಂದಾನು. ಒಂದೊಂದಕ್ಕೂ ಅವಳ ಬಳಿ ಉತ್ತರ ಸಿದ್ಧವಿತ್ತು. ಅವನು ಬರಿದಾಗಿದ್ದ ಬಲಗಡೆಯ ನೆಲದ ಮೇಲೆ ಹೆಜ್ಜೆಗೆ ಹೆಜ್ಜೆ ಕೂಡಿಸಿ ಅಳೆಯುತ್ತ ಈ ತುದಿಯಿಂದ ಆ ತುದಿಗೆ ನಡೆದ. ಅವನ ಮುಖ ಮದುವೆಯ ದಿನ ಕೂಡ ಅಷ್ಟು ಅರಳಿರಲಿಲ್ಲ.

"ಅಗಲ ಬೇಕಾದಷ್ಟಿದೆ ಕಣೇ," ಎಂದ. "ಒಂದು ಪೆನ್ಸಿಲ್ ಇದ್ರೆ ಕೊಡು."

ಅದು ಅವಳ ಎದೆಗೆ ಚುಚ್ಚಿತು. ಮೂವತ್ತನಾಲ್ಕು ವರ್ಷದ ಸಂಸಾರ ಬಿಟ್ಟು ಹೋಗುವುದು ಈ ಮನುಷ್ಯನಿಗೆ ಅಂಗಿಯ ಗುಂಡಿ ಹಾಕಿಕೊಂಡಷ್ಟೂ ಕಷ್ಟವಾಗಿರಲಿಲ್ಲ. ಅವಳು ಕೈಚೀಲದಲ್ಲಿ ಹುಡುಕಿ ಪೆನ್ಸಿಲ್ ಕೊಟ್ಟಳು. ಆಮೇಲೆ ಒಳಗೆ ಹೋಗಿ, ಒಬ್ಬಳಿಗೆ ಸಾಕಾಗುವಷ್ಟು ಅಡುಗೆಗೆ ಇಟ್ಟಳು.